ಹನೋಯ್‌ನ ನೀಲಿ ನೋಟು

ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ರಸ್ತೆ ದಾಟೋದು ಕಲಿಯೋಕೇ ನಮಗೆ ಅರ್ಧ ದಿನ ಹಿಡಿಯಿತು. ಸ್ಕೂಟರ್‌ಗಳು ನಿಲ್ಲಲಿ ಅಂತ ಕಾದರೆ ಸಂಜೆವರೆಗೂ ಅಲ್ಲೇ. ಓಡಬಾರದು, ನಡುವೆ ನಿಲ್ಲಲೂಬಾರದು. ಒಂದೇ ಸಮನೆ ನಿಧಾನಕ್ಕೆ ನಡೆಯುತ್ತಾ ಹೋಗಬೇಕು, ಅವರೇ ಸುತ್ತುಹಾಕಿಕೊಂಡು ಹೋಗುತ್ತಾರೆ. ಅಕ್ಕ ಮಾತ್ರ ಬೆಂಗಳೂರಿನ ಅಭ್ಯಾಸದಂತೆ ಕೈ ಅಡ್ಡ ಹಿಡಿದುಕೊಂಡೇ ದಾಟಿದಳು.

ನಾವು ಉಳಿದುಕೊಂಡಿದ್ದು ಹೋನ್ ಕಿಯೆಮ್ ಕೆರೆ ಪಕ್ಕದ ಹಳೇ ಪೇಟೆಯಲ್ಲಿ. ಅಲ್ಲಿ ಬೀದಿಗಳಿಗೆ ಸರಕಿನದೇ ಹೆಸರು, ನಮ್ಮ ಅಕ್ಕಿಪೇಟೆ, ಬಳೇಪೇಟೆ ಥರ. ಹಾಂಗ್ ಬಾಕ್ ಅಂದರೆ ಬೆಳ್ಳಿ ಬೀದಿ, ಈಗಲೂ ಅಲ್ಲಿ ಒಡವೆ ಅಂಗಡಿಗಳಿವೆ. ಫುಟ್‌ಪಾತ್ ಮೇಲೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲ್‌ಗಳು. ಅದರಲ್ಲಿ ಕೂತು ಜನ ಫೋ ಅನ್ನೋ ಮಾಂಸದ ನೂಡಲ್ಸ್ ಸೂಪು ಸೊರ್ ಅಂತ ಹೀರುತ್ತಾರೆ. ಅಕ್ಕ ಸಸ್ಯಾಹಾರಿ. ಸಸ್ಯಾಹಾರಕ್ಕೆ ಅವರು ‘ಚಾಯ್’ ಅನ್ನುತ್ತಾರೆ. ಆ ಒಂದು ಪದ ಹೇಳಿಕೊಂಡೇ ಅವಳ ಮಧ್ಯಾಹ್ನದ ಊಟ ಮುಗಿಯಿತು.

ನನ್ನ ಪಜೀತಿ ದುಡ್ಡಿನದು. ಅಲ್ಲಿನ ದುಡ್ಡು ಡಾಂಗ್. ಎಲ್ಲ ನೋಟಿನಲ್ಲೂ ಅವರ ರಾಷ್ಟ್ರನಾಯಕ ಹೋ ಚಿ ಮಿನ್ ಮುಖ, ಮೇಲೆ ಸಾಲುಸಾಲು ಸೊನ್ನೆ. ಸಾಲದ್ದಕ್ಕೆ 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಮೊದಲನೆಯದು ಹೆಚ್ಚೂಕಡಿಮೆ ಎಪ್ಪತ್ತು ರೂಪಾಯಿ, ಎರಡನೆಯದು ಸಾವಿರದ ಏಳ್ನೂರರಷ್ಟು.

ಮೂಲೆಯಲ್ಲಿ ಒಬ್ಬ ಅಜ್ಜಿ ಬಾನ್ ರಾನ್ ಕರಿಯುತ್ತಿದ್ದರು. ಅಂಟು ಅಕ್ಕಿ ಹಿಟ್ಟಿನ ಉಂಡೆ, ಹೊರಗೆ ಎಳ್ಳು, ಒಳಗೆ ಹೆಸರುಬೇಳೆ ಹೂರಣ. ‘ಇದು ನಮ್ಮ ಸುಕ್ಕಿನುಂಡೆ ಕಣೇ!’ ಅಂದಳು ಅಕ್ಕ. ಆ ಖುಷಿಯಲ್ಲಿ ನಾಲ್ಕು ಕಟ್ಟಿಸಿ, ನೀಲಿ ನೋಟು ಕೊಟ್ಟು ಹೊರಟೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಯಾರೋ ತೋಳು ಎಳೆದರು. ನೋಡಿದರೆ ಅಜ್ಜಿ! ಒಂದು ಕೈಯಲ್ಲಿ ನಾನು ಕೊಟ್ಟ ನೋಟು, ಇನ್ನೊಂದರಲ್ಲಿ ಅವರದೇ 20,000ದ ನೋಟು. ಎರಡನ್ನೂ ನನ್ನ ಮೂಗಿನ ಹತ್ತಿರ ಹಿಡಿದು, ಸೊನ್ನೆಗಳ ಮೇಲೆ ಎಣ್ಣೆ ಬೆರಳಿಟ್ಟು ಎಣಿಸಿ ತೋರಿಸಿದರು, ಒಂದನೇ ಕ್ಲಾಸಿನ ಮಗುವಿಗೆ ಹೇಳಿಕೊಟ್ಟ ಹಾಗೆ. ಆಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕರು. ಬಾಣಲೆ ಒಲೆ ಮೇಲೇ ಇತ್ತು ಪಾಪ.

ಅಲ್ಲಿಂದ ಹಾಂಗ್ ಮಾ ಬೀದಿಗೆ ಹೋದರೆ ಅಲ್ಲೂ ನೋಟೇ! ತೀರಿಕೊಂಡ ಹಿರಿಯರಿಗೆ ಸುಟ್ಟು ತಲುಪಿಸುವ ಕಾಗದದ ಸಾಮಾನು ಮಾರುವ ಬೀದಿ ಅದು. ಕಂತೆ ಕಂತೆ ನಕಲಿ ಡಾಲರ್, ಕಾಗದದ ಫೋನು, ಬಟ್ಟೆ, ಸ್ಕೂಟರ್. ‘ಅಜ್ಜನಿಗೆ ಒಂದು ಕಂತೆ ತಗೊಳ್ಳೋಣ್ವಾ?’ ಅಂದೆ. ‘ಅಜ್ಜ ದುಡ್ಡು ಯಾವತ್ತು ಕೇಳಿದ್ರು? ಕಾಫಿ ಕೊಟ್ರೆ ಸಾಕಿತ್ತು’ ಅಂದಳು ಅಕ್ಕ.

ಕಾಫಿ ಅಂದಮೇಲೆ ಮೊಟ್ಟೆ ಕಾಫಿ ಬಿಡೋದುಂಟಾ? 1946ರಲ್ಲಿ ಹಾಲಿಗೆ ಬರ ಬಂದಾಗ ಮೆಟ್ರೋಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಹಾಲಿನ ಬದಲು ಮೊಟ್ಟೆಯ ಹಳದಿ ಕಡೆದು ಹಾಕಿದರಂತೆ. ಬಿಸಿನೀರಿನ ಬಟ್ಟಲಲ್ಲಿ ಕಪ್ ಇಟ್ಟು ತಂದರು. ಮೇಲೆ ಕಸ್ಟರ್ಡ್‌ನಂಥ ದಪ್ಪ ನೊರೆ, ತಳದಲ್ಲಿ ಕಹಿ ರೊಬಸ್ಟಾ. ಮೊಟ್ಟೆ ವಾಸನೆ ಇಲ್ಲವೇ ಇಲ್ಲ. ನನಗೆ ಸಿಹಿ ಸ್ವಲ್ಪ ಜಾಸ್ತಿ ಅನ್ನಿಸಿತು. ಅಕ್ಕ ಕಪ್ಪು ಕಾಫಿ ತರಿಸಿದಳು. ಕಪ್ ಮೇಲೇ ಕೂತಿದ್ದ ಪುಟ್ಟ ಫಿಲ್ಟರ್‌ನಿಂದ ಡಿಕಾಕ್ಷನ್ ತೊಟ್ಟಿಕ್ಕೋದನ್ನೇ ನೋಡುತ್ತಾ, ‘ಚಿಕೋರಿ ಇಲ್ದೇನೇ ಇಷ್ಟು ಗಟ್ಟಿನಾ!’ ಅಂದಳು.

ಬಿಲ್ಲು ಬಂತು. ನಾನು ಪರ್ಸ್ ತೆಗೆಯುವಷ್ಟರಲ್ಲಿ ಅಕ್ಕ ಅದನ್ನು ಕಿತ್ತುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು.