ಅರ್ಜಿ ಬರೆಯುವವರು ಟೀಚರ್ ಪಕ್ಕ ಕೂರಬೇಕು

ಬಡಾವಣೆಯ ಸಣ್ಣ ಟ್ರಸ್ಟ್‌ಗಳಿಗೆ ಅನುದಾನ ಸಿಗದಿರುವುದಕ್ಕೆ ಇಂಗ್ಲಿಷ್ ಬಾರದಿರುವುದೇ ಕಾರಣ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಂಗಳೂರಿನ ಲಗ್ಗೆರೆ ಕಡೆ ಗಾರ್ಮೆಂಟ್ಸ್ ಕೆಲಸಗಾರರ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಒಂದು ಸಣ್ಣ ಟ್ರಸ್ಟ್ ಇದೆ. ಕೆಲವು ವರ್ಷಗಳಿಂದ ಅವರ ಅರ್ಜಿಗಳನ್ನು ನಾನೇ ಬರೆದುಕೊಡುತ್ತಿದ್ದೇನೆ, ದುಡ್ಡು ತಗೊಳ್ಳದೆ. ಅಲ್ಲಿ ಕೂತು ನೋಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಅರ್ಜಿಯ ಮೊದಲ ಪ್ರತಿ ಪಾಠ ಮಾಡುವವರ ಬಾಯಿಂದಲೇ, ಕನ್ನಡದಲ್ಲೇ ಬರಬೇಕು. ನಮ್ಮಂಥವರ ಕೆಲಸ ಪ್ರಶ್ನೆ ಕೇಳುವುದು, ಕಾಗದ ಜೋಡಿಸುವುದು, ಆಮೇಲೆ ಟೀಚರ್ ಸಂಬಳದ ಸಾಲನ್ನು ಯಾರೂ ಹೊಡೆದುಹಾಕದ ಹಾಗೆ ಕಾಯುವುದು.

ಮೊದಲು ಅವರಿಗೆ ಯಾರೋ ಬರೆದುಕೊಟ್ಟಿದ್ದ ಅರ್ಜಿಯೊಂದನ್ನು ಓದಿದ್ದೆ. ‘ಮಕ್ಕಳ ಸರ್ವಾಂಗೀಣ ಅಭಿವೃದ್ಧಿ’ ಅಂತ ಎರಡು ಪುಟ ಇತ್ತು. ಆ ಎರಡು ಪುಟವನ್ನು ರಾಯಚೂರಿನ ಟ್ರಸ್ಟ್ ಹೆಸರಲ್ಲೂ ಕಳಿಸಬಹುದು, ಕಾರವಾರದ ಟ್ರಸ್ಟ್ ಹೆಸರಲ್ಲೂ ಕಳಿಸಬಹುದು. ಅದೇ ಅಲ್ಲಿನ ಟೀಚರ್ ಅಕ್ಕನನ್ನು ಕೂರಿಸಿಕೊಂಡು ‘ಇಲ್ಲಿಗೆ ಬರುವ ಮಕ್ಕಳಿಗೆ ಏನು ಕಷ್ಟ’ ಅಂತ ಕೇಳಿದಾಗ ಅವರು ಹೇಳಿದ್ದು: ‘ನಾಲ್ಕನೇ ಕ್ಲಾಸ್ ಹುಡುಗ ಬೋರ್ಡ್ ನೋಡಿ ಚೆನ್ನಾಗಿ ಬರ್ಕೊಳ್ತಾನೆ ಮೇಡಂ, ಬರೆದಿದ್ದನ್ನ ಓದು ಅಂದ್ರೆ ಓದೋಕೆ ಬರಲ್ಲ. ಮನೇಲಿ ಹೇಳಿಕೊಡೋಕೆ ಅಮ್ಮ ಫ್ಯಾಕ್ಟರಿಯಿಂದ ಬರೋದೇ ಏಳಕ್ಕೆ.’ ಸಮಸ್ಯೆ ಏನು, ಯಾರಿಗೆ, ಯಾಕೆ, ಸಂಜೆ ಹೊತ್ತೇ ಯಾಕೆ ಪಾಠ ನಡೀಬೇಕು, ಎಲ್ಲಾ ಅದರಲ್ಲಿದೆ. ಆ ಮಾತುಗಳನ್ನು ಹಾಗೇ ಅರ್ಜಿಯ ಮೊದಲ ಪುಟಕ್ಕೆ ಹಾಕಿದೆವು.

ಮುಂದಿನ ಪ್ರಶ್ನೆ, ಓದೋಕೆ ಬರಲ್ಲ ಅನ್ನುವುದನ್ನು ತೋರಿಸುವುದು ಹೇಗೆ. ಇದಕ್ಕೆ ದೊಡ್ಡ ಸರ್ವೇ ಬೇಕಿಲ್ಲ. ಮಕ್ಕಳ ಓದಿನ ಮಟ್ಟ ನೋಡುವ, ‘ಪ್ರಥಮ್’ ಸಂಸ್ಥೆಯವರ ಅಸರ್ ಸಮೀಕ್ಷೆಯಲ್ಲಿ ಬಳಸುವ ಓದಿನ ಹಾಳೆ ಕನ್ನಡದಲ್ಲೂ ಇದೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಸಣ್ಣ ಕಥೆ, ಅಷ್ಟೇ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಎಲ್ಲಿ ನಿಲ್ಲುತ್ತದೆ ಅಂತ ಬರೆದುಕೊಳ್ಳಬೇಕು. ಜೂನ್‌ನಲ್ಲಿ ಒಂದು ಸಲ, ಫೆಬ್ರವರಿಯಲ್ಲಿ ಇನ್ನೊಂದು ಸಲ. ‘ಇಷ್ಟು ಮಕ್ಕಳು ಪದದಲ್ಲಿ ನಿಂತಿದ್ದರು, ಈಗ ಇಷ್ಟು ಮಕ್ಕಳು ಕಥೆ ಓದುತ್ತಾರೆ’ ಅನ್ನುವ ಒಂದು ಸಾಲಿಗೆ ಇರುವ ತೂಕ ಹತ್ತು ಪುಟದ ವರ್ಣನೆಗೆ ಇಲ್ಲ. ಟೀಚರ್‌ಗೂ ಯಾವ ಮಗುವಿನ ಹತ್ತಿರ ಜಾಸ್ತಿ ಕೂರಬೇಕು ಅಂತ ಗೊತ್ತಾಗುತ್ತದೆ. ನನಗೆ ಅದೇ ಮುಖ್ಯ.

ಕಾಗದಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಟ್ರಸ್ಟ್ ಡೀಡ್, ಪ್ಯಾನ್, ಆದಾಯ ತೆರಿಗೆ ವಿನಾಯಿತಿಯ ನೋಂದಣಿ (12ಎ, 80ಜಿ ಅಂತ ಕರೆಯುವುದು), ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಐಡಿ, ಆಡಿಟ್ ವರದಿಗಳು. ಕಂಪನಿಗಳ ಸಿಎಸ್‌ಆರ್ ದುಡ್ಡು, ಅಂದರೆ ಸಮಾಜದ ಕೆಲಸಕ್ಕೆ ಅವು ಖರ್ಚು ಮಾಡಬೇಕಾದ ದುಡ್ಡು ಬೇಕಾದರೆ ಸಿಎಸ್‌ಆರ್-1 ಫಾರಂ ಹಾಕಿ ನಂಬರ್ ಪಡೆಯಬೇಕು, 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಅದಕ್ಕೆ ಟ್ರಸ್ಟಿಯ ಡಿಜಿಟಲ್ ಸಹಿ ಬೇಕು, ಸಿಎ ಅಂಥವರೊಬ್ಬರು ದೃಢೀಕರಿಸಬೇಕು. ಇದೆಲ್ಲಾ ಒಂದೇ ಫೈಲ್‌ನಲ್ಲಿರಲಿ. ನಡಾವಳಿ ಪುಸ್ತಕ, ಕ್ಯಾಶ್ ಬುಕ್, ವೋಚರ್, ಮಕ್ಕಳ ಹಾಜರಿ ಪುಸ್ತಕ ಇವುಗಳನ್ನು ದಿನದಿನವೂ ಬರೆದಿಡಬೇಕು. ಅರ್ಜಿ ಹಾಕುವ ಹಿಂದಿನ ರಾತ್ರಿ ಕೂತು ಹಾಜರಿ ತುಂಬಿಸುವ ಕೆಲಸಕ್ಕೆ ನಾನು ಯಾರಿಗೂ ಸಹಾಯ ಮಾಡುವುದಿಲ್ಲ.

ಈಗ ಬಜೆಟ್. ಜಗಳ ಇರುವುದೇ ಇಲ್ಲಿ. ಕಂಪನಿಗಳು ಪುಸ್ತಕ ಕೊಡುತ್ತವೆ, ಬ್ಯಾಗ್ ಕೊಡುತ್ತವೆ, ಟ್ಯಾಬ್ ಬೇಕಾದರೂ ಕೊಡುತ್ತವೆ. ಸಂಬಳ ಮತ್ತು ಬಾಡಿಗೆ ಅಂದ ಕೂಡಲೇ ‘ಅದು ಓವರ್‌ಹೆಡ್, ಐದು ಪರ್ಸೆಂಟ್ ಮೇಲೆ ಆಗಲ್ಲ’ ಅಂತಾರೆ. ಓವರ್‌ಹೆಡ್ ಅಂದರೆ ಆಡಳಿತ ವೆಚ್ಚ. ಒಂದು ಕಂಪನಿಯ ಸಭೆಯಲ್ಲಿ ಟೀಚರ್ ಅಕ್ಕನ ಎದುರಿಗೇ ಈ ಮಾತು ಹೇಳಿದರು. ಅವರ ಇಡೀ ದುಡಿಮೆಯೇ ಖರ್ಚಿನ ಹೊರೆ ಅಂದ ಹಾಗಾಯಿತು. ನನಗೆ ತುಂಬಾ ಬೇಜಾರಾಯಿತು.

ಆದರೆ ನಿಯಮ ಹಾಗೆ ಹೇಳುವುದೇ ಇಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದರಲ್ಲಿ ಆಡಳಿತ ವೆಚ್ಚಕ್ಕೆ ಶೇ. 5ರ ಮಿತಿ ಇರುವುದು ನಿಜ. ಆ ಆಡಳಿತ ವೆಚ್ಚ ಅಂದರೆ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚು. ಒಂದು ಯೋಜನೆಯನ್ನು ರೂಪಿಸಲು, ನಡೆಸಲು, ಅದು ಹೇಗೆ ನಡೀತಿದೆ ಅಂತ ನೋಡಲು ನೇರವಾಗಿ ಆಗುವ ಖರ್ಚು ಅದರೊಳಗೆ ಬರುವುದಿಲ್ಲ ಅಂತ ಸಿಎಸ್‌ಆರ್ ನಿಯಮದಲ್ಲೇ ಬರೆದಿದೆ. ಸಂಜೆ ಪಾಠಕ್ಕೆ ಟೀಚರ್ ಇಲ್ಲದೆ ಬೇರೆ ಯಾವ ಯೋಜನೆ ಇದೆ ಹೇಳಿ? ಈ ನಿಯಮವನ್ನು ಪ್ರಿಂಟ್ ತೆಗೆದು ಸಭೆಗೆ ಒಯ್ಯಿರಿ. ಮರ್ಯಾದೆಯಿಂದ ಮುಂದಿಡಿ. ಕೆಲವರಿಗೆ ನಿಜವಾಗಲೂ ಗೊತ್ತಿರುವುದಿಲ್ಲ, ಓದಿದ ಮೇಲೆ ಒಪ್ಪುತ್ತಾರೆ.

ಲೆಕ್ಕವನ್ನೂ ಬಿಚ್ಚಿ ತೋರಿಸಿ. ಉದಾಹರಣೆಗೆ, ನಲವತ್ತು ಮಕ್ಕಳಿಗೆ ಇಬ್ಬರು ಟೀಚರ್, ತಿಂಗಳಿಗೆ ತಲಾ ₹12,000 ಅಂದರೆ ವರ್ಷಕ್ಕೆ ₹2,88,000. ಎರಡು ರೂಮಿನ ಬಾಡಿಗೆ ತಿಂಗಳಿಗೆ ₹9,000, ವರ್ಷಕ್ಕೆ ₹1,08,000. ಸಂಜೆ ಬಾಳೆಹಣ್ಣೋ ಕಡಲೆಯೋ, ಮಗುವಿಗೆ ದಿನಕ್ಕೆ ₹10ರಂತೆ 250 ದಿನಕ್ಕೆ ₹1,00,000. ಕರೆಂಟು, ಪುಸ್ತಕ, ಆಡಿಟ್ ಎಲ್ಲಾ ಸೇರಿ ₹24,000. ಒಟ್ಟು ₹5,20,000. ಒಂದು ಮಗುವಿಗೆ ವರ್ಷಕ್ಕೆ ₹13,000, ತಿಂಗಳಿಗೆ ಸಾವಿರ ಚಿಲ್ಲರೆ. ಇದನ್ನು ಇಷ್ಟೇ ಸರಳವಾಗಿ ಬರೆದರೆ ಓದುವವರಿಗೆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕಾಣುತ್ತದೆ. ಕಂಪನಿ ಕಡಿಮೆ ಕೊಡುತ್ತದೇನೋ ಅಂತ ಹೆದರಿ ಟೀಚರ್ ಸಂಬಳ ಇಳಿಸಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅವರಿಗೂ ಮನೆ ಬಾಡಿಗೆ ಇದೆ, ಮಕ್ಕಳಿದ್ದಾರೆ. ವರ್ಷದ ಮಧ್ಯದಲ್ಲಿ ಅವರು ಕೆಲಸ ಬಿಟ್ಟರೆ ಮಕ್ಕಳು ಮತ್ತೆ ಹೊಸಬರ ಹತ್ತಿರ ಮೊದಲಿಂದ ಶುರು ಮಾಡಬೇಕು.

ಸಮಯ ನೋಡಿಕೊಂಡು ಹೋಗುವುದೂ ಮುಖ್ಯ. ಕಂಪನಿಗಳಿಗೆ ಏಪ್ರಿಲ್‌ನಲ್ಲಿ ಹೊಸ ವರ್ಷ ಶುರುವಾಗುತ್ತದೆ, ಆ ವರ್ಷದ ಯೋಜನೆಗಳಿಗೆ ಅವರ ಬೋರ್ಡ್ ಒಪ್ಪಿಗೆ ಬೇಕು. ಹಾಗಾಗಿ ಬೇಸಿಗೆಯಲ್ಲೇ ಹೋಗಿ ಮಾತಾಡಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಉಳಿದ ದುಡ್ಡು ಬೇಗ ಖರ್ಚು ಮಾಡುವ ಆತುರದಲ್ಲಿರುತ್ತಾರೆ, ಆಗ ಬ್ಯಾಗ್‌ಗಳೇ ಸಿಗುತ್ತವೆ. ಇನ್ನೊಂದು, ‘ಆನ್‌ಗೋಯಿಂಗ್ ಪ್ರಾಜೆಕ್ಟ್’ ಅಂತ ಒಪ್ಪಿಕೊಂಡರೆ ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ಅದೇ ಕೆಲಸಕ್ಕೆ ದುಡ್ಡು ಕೊಡಲು ಅವಕಾಶ ಇದೆ. ಓದು ಕಲಿಸುವ ಕೆಲಸಕ್ಕೆ ಅಷ್ಟು ಕಾಲ ಬೇಕೇ ಬೇಕು, ಧೈರ್ಯವಾಗಿ ಕೇಳಿ.

ಬಡಾವಣೆಯಲ್ಲಿ ಯಾರಾದರೂ ಒಬ್ಬರು ‘ನನ್ನ ಮಗ ಅಮೆರಿಕದಲ್ಲಿದ್ದಾನೆ, ಅವನು ಕಳಿಸ್ತಾನೆ’ ಅಂತ ಪ್ರೀತಿಯಿಂದ ಹೇಳಿಯೇ ಹೇಳುತ್ತಾರೆ. ಖಾತೆ ನಂಬರ್ ಕೊಡುವ ಮೊದಲು ಅವರ ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಸಹ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬಾರದು. ಕೇಳಲು ಸಂಕೋಚ ಆಗುತ್ತದೆ, ಆದರೂ ಕೇಳಲೇಬೇಕು.

ಸಿಕ್ಕ ಅನುದಾನದಲ್ಲಿ ಪರ್ಸೆಂಟ್ ಕೇಳುವ ಕನ್ಸಲ್ಟೆಂಟ್‌ಗಳಿಂದ ದೂರ ಇರಿ. ಬರೆಯುವ ಕೆಲಸಕ್ಕೆ ಕೂಲಿ ಕೇಳುವುದು ನ್ಯಾಯವೇ, ಅದನ್ನು ಮೊದಲೇ ಮಾತಾಡಿಕೊಂಡು ನಿಗದಿ ಮಾಡಿ. ಆದರೆ ಮಕ್ಕಳ ಬಾಳೆಹಣ್ಣಿನ ಲೆಕ್ಕದಿಂದ ಕಮಿಷನ್ ಹೋಗಬಾರದು.

ಫೋಟೋ ವಿಷಯದಲ್ಲೂ ನಮ್ಮ ಟ್ರಸ್ಟ್‌ನಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಗುವಿನ ಮುಖ ಅರ್ಜಿಯಲ್ಲಿ ಬರುವುದಿಲ್ಲ. ಹರಿದ ಅಂಗಿ ಹುಡುಕಿ ಫೋಟೋ ತೆಗೆಯುವುದಿಲ್ಲ. ಅರ್ಜಿಯನ್ನು ಇಂಗ್ಲಿಷಿಗೆ ಮಾಡಿದ ಮೇಲೆ ಪ್ರತಿ ಸಾಲನ್ನೂ ಟೀಚರ್ ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ. ‘ಪಾಪದ ಮಕ್ಕಳು’ ಅನ್ನುವ ಧಾಟಿ ಎಲ್ಲಾದರೂ ಬಂದರೆ ಅವರೇ ತಡೆಯುತ್ತಾರೆ. ಆ ಮಕ್ಕಳ ಅಮ್ಮಂದಿರು ದಿನವಿಡೀ ದುಡಿಯುತ್ತಾರೆ, ಅವರು ಓದಿದರೂ ತಲೆ ಎತ್ತಿ ಓದುವ ಹಾಗಿರಬೇಕು ಅನ್ನುವುದು ಅಕ್ಕನ ಷರತ್ತು. ನನಗೂ ಅದು ಸರಿ ಅನ್ನಿಸಿದೆ.

ನಿಮ್ಮ ಬಡಾವಣೆಯಲ್ಲೂ ಇಂಥ ಒಂದು ಟ್ರಸ್ಟ್ ಇರುತ್ತದೆ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಗೊತ್ತಿರುವವರು, ಬ್ಯಾಂಕಿನಿಂದ ನಿವೃತ್ತರಾದವರು, ಆಫೀಸಿನಲ್ಲಿ ರಿಪೋರ್ಟ್ ಬರೆದು ಅಭ್ಯಾಸ ಇರುವವರು ಶನಿವಾರ ಸಂಜೆ ಒಮ್ಮೆ ಹೋಗಿ. ಮೊದಲು ಪಾಠ ನಡೆಯುವುದನ್ನು ನೋಡಿ, ಆಮೇಲೆ ವೋಚರ್ ಫೈಲ್ ಕೇಳಿ. ಲ್ಯಾಪ್‌ಟಾಪ್ ಮೂರನೇ ವಾರಕ್ಕೆ ತೆಗೆದರೆ ಸಾಕು.