ಆರ್‌ಸಿ ಯಾರ ಹೆಸರಿಗೆ, ಸೀಟಿನ ಮೇಲೆ ಯಾರು?

ಹಳೆ ಟ್ರ್ಯಾಕ್ಟರ್ ನೋಡಲು ಬಂದವರು ಮೊದಲು ಬಾನೆಟ್ ಎತ್ತುತ್ತಾರೆ, ಆಮೇಲೆ ಹಿಂದಿನ ಟಾಯರ್ ನೋಡುತ್ತಾರೆ, ಆಮೇಲೆ ರೇಟು. ಕಾಗದ ಕೇಳುವವರು ಕಡಿಮೆ. ವಿಮೆಯ ಮಾತು ಬರುವುದು ವ್ಯವಹಾರ ಮುಗಿದು ಚಹಾ ಕುಡಿಯುವಾಗ. "ಅಣ್ಣಾ, ಇದಕ್ಕ ಇನ್ಶೂರೆನ್ಸ್ ಮಾಡ್ಸೂದು ಜರೂರ ಐತೇನ್ರಿ? ನಮ್ದು ಹೊಲಾ ಬಿಟ್ಟು ಎಲ್ಲೂ ಹೋಗಂಗಿಲ್ಲ." ಚಹಾ ಆರುವುದರೊಳಗೆ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಜತ್ತ ತಾಲೂಕು, ಉಮದಿ ಕಡೆ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ. ಮನೆಯಲ್ಲಿ, ಸಂತೆಯಲ್ಲಿ, ಗುಡ್ಡಾಪುರ ದಾನಮ್ಮನ ಜಾತ್ರೆಯಲ್ಲಿ ಮಾತು ಕನ್ನಡ. ಕರ್ನಾಟಕದ ಚಡಚಣ ಪಕ್ಕದಲ್ಲೇ ಇರುವುದರಿಂದ ಆ ಕಡೆಯ ಗಾಡಿ ಈ ಕಡೆ, ಈ ಕಡೆಯದು ಆ ಕಡೆ ಮಾರಾಟ ಆಗುತ್ತಲೇ ಇರುತ್ತವೆ. ಹಳೆ ಟ್ರ್ಯಾಕ್ಟರ್ ಕೊಂಡು ಮಾರುವ ನನ್ನ ಅಂಗಳದಲ್ಲಿ ಸಾಂಗಲಿಯ ಎಂಎಚ್-10 ಮತ್ತು ವಿಜಯಪುರದ ಕೆಎ-28 ನಂಬರಿನ ಗಾಡಿ ಒಂದರ ಪಕ್ಕ ಒಂದು ನಿಂತಿರುತ್ತವೆ.

ಕಬ್ಬಿನ ಹಂಗಾಮು ಮುಗಿದು ಬೇಸಿಗೆ ಬಂತೆಂದರೆ ಮಾರಲು ಬರುವ ಗಾಡಿ ಹೆಚ್ಚು. ಕಾರ್ಖಾನೆಗೆ ಕಬ್ಬು ಹೊಡೆದ ಟ್ರ್ಯಾಕ್ಟರನ್ನು ಎಷ್ಟೇ ಪೇಂಟ್ ಹಚ್ಚಿ ತಂದರೂ ಗುರುತು ಹಿಡಿಯಬಹುದು. ಹಿಂದೆ ಕೂತು ಹಿಚ್ ನೋಡಬೇಕು. ಡಬ್ಬಿಯ, ಅಂದರೆ ಹಿಂದೆ ಎಳೆಯುವ ಟ್ರೇಲರಿನ, ಪಿನ್ನು ಕೂರುವ ತೂತು ದುಂಡಗೆ ಇದ್ದರೆ ಅದು ಹೊಲದ ಗಾಡಿ. ಎರಡು ಡಬ್ಬಿ ಎಳೆದ ಗಾಡಿಯಲ್ಲಿ ಆ ತೂತು ಸವೆದು ಮೊಟ್ಟೆಯಂತೆ ಉದ್ದ ಆಗಿರುತ್ತದೆ, ಅಂಚಿನ ಕಬ್ಬಿಣ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತದೆ, ಪಕ್ಕದಲ್ಲಿ ಎಲ್ಲೋ ವೆಲ್ಡಿಂಗ್ ಹೊಡೆದ ಗೆರೆ ಸಿಗುತ್ತದೆ. ಹಿಂದಿನ ಟಾಯರಿನ ಹಲ್ಲು ಡಾಂಬರಿಗೆ ಸಪಾಟಾಗಿ ತಿಂದುಹೋಗಿರುತ್ತದೆ. ಅವರ್ ಮೀಟರನ್ನು ನಾನು ನಂಬುವುದಿಲ್ಲ, ಹಿಚ್ ನಂಬುತ್ತೇನೆ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೇ ಬಂದು ಚಾಲು ಮಾಡಿ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಡಿಪ್‌ಸ್ಟಿಕ್ ಮೇಲೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಪಲ್ಟಿ ನೇಗಿಲು ಎತ್ತಿಸಿ ಇಂಜಿನ್ ಬಂದ್ ಮಾಡಿ, ನೇಗಿಲು ಕೆಳಗೆ ಇಳಿಯುತ್ತಾ ಬಂದರೆ ಹೈಡ್ರಾಲಿಕ್ ಕೆಲಸ ಬಾಕಿ ಇದೆ ಅಂತ.

ಈಗ ರೇಟಿನದೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಏಳು ಲಕ್ಷದ ಗಾಡಿಗೆ ಮೊದಲು 84,000 ತೆರಿಗೆ ಇತ್ತು, ಈಗ 35,000. ಹೊಸದರಲ್ಲಿ ಅಷ್ಟು ಕಡಿಮೆ ಆದ ಮೇಲೆ ಎರಡು-ಮೂರು ವರ್ಷದ ಹಳೆ ಗಾಡಿಗೆ ಹಿಂದಿನ ರೇಟು ಯಾರೂ ಕೊಡುವುದಿಲ್ಲ. ಮಾರುವವರು ಇದನ್ನು ಒಪ್ಪಿಕೊಳ್ಳಬೇಕು.

ವಿಮೆಗೆ ಬರೋಣ. ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಮಾಡಿಸಬೇಕೋ ಬೇಡವೋ ಎಂಬುದು ಪ್ರಶ್ನೆಯೇ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಓಡುವ ವಾಹನಕ್ಕೆ ಅದು ಇರಲೇಬೇಕು. ಮನೆಯಿಂದ ಹೊಲಕ್ಕೆ ಹೋಗುವ ರಸ್ತೆಯೂ ಸಾರ್ವಜನಿಕ ಜಾಗವೇ. ಇಲ್ಲದೆ ಸಿಕ್ಕರೆ ಮೊದಲ ಸಲ 2,000 ರೂಪಾಯಿ ದಂಡ, ಎರಡನೇ ಸಲ 4,000. ದಂಡ ಹೋಗಲಿ. ಸಂತೆಯ ದಿನ ಸಂಜೆ ಹೊತ್ತು, ಹಿಂದೆ ಕೆಂಪು ದೀಪ ಇಲ್ಲದ ಡಬ್ಬಿಗೆ ಬೈಕಿನವನೊಬ್ಬ ಬಂದು ಬಡಿದರೆ ನ್ಯಾಯಮಂಡಳಿ ಹೇಳುವ ಪರಿಹಾರ ನಿಮ್ಮ ಹೊಲದ ಬೆಲೆಯನ್ನು ಮೀರಬಹುದು. ಥರ್ಡ್ ಪಾರ್ಟಿ ವಿಮೆಯಲ್ಲಿ ಸಾವು-ಗಾಯದ ಪರಿಹಾರಕ್ಕೆ ಮೇಲಿನ ಮಿತಿ ಇಲ್ಲ. ಇದರ ದರ ಸರ್ಕಾರ ಗೊತ್ತುಮಾಡಿದ್ದು, ಯಾವ ಕಂಪನಿಗೆ ಹೋದರೂ ಅಷ್ಟೇ. ಡಬ್ಬಿಯನ್ನೂ ಪಾಲಿಸಿಯಲ್ಲಿ ಬರೆಸಬೇಕು, ಅದರ ನೋಂದಣಿಯೂ ಬೇರೆ.

ಇಷ್ಟು ಎಲ್ಲ ಏಜೆಂಟರೂ ಹೇಳುತ್ತಾರೆ. ನಾನು ಒತ್ತಿ ಹೇಳಬೇಕಾದ್ದು ಹೆಸರಿನ ವಿಷಯ.

ನಮ್ಮ ಕಡೆ ಬಹಳಷ್ಟು ಟ್ರ್ಯಾಕ್ಟರ್ ಇರುವುದು ಅಪ್ಪನ ಹೆಸರಿಗೆ. ಸಾತಬಾರಾ ಉತಾರ, ಅಂದರೆ ಹೊಲದ ಪಹಣಿ, ಅಪ್ಪನ ಹೆಸರಿಗೆ, ಆದ್ದರಿಂದ ಸಾಲ ಅಪ್ಪನ ಹೆಸರಿಗೆ, ಆದ್ದರಿಂದ ಆರ್‌ಸಿ ಅಪ್ಪನ ಹೆಸರಿಗೆ. ಅಪ್ಪನಿಗೆ ಎಪ್ಪತ್ತು ದಾಟಿರುತ್ತದೆ, ಲೈಸನ್ಸ್ ಇರುವುದಿಲ್ಲ, ಕ್ಲಚ್ ತುಳಿದವರೇ ಅಲ್ಲ. ಓಡಿಸುವವ ಮಗ. ಪಾಲಿಸಿಯಲ್ಲಿ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಅಂತ ಒಂದು ಸಾಲು ಬರುತ್ತದೆ. ಮಾಲೀಕ ಓಡಿಸುವಾಗ ಸತ್ತರೆ ಮನೆಯವರಿಗೆ 15 ಲಕ್ಷ ರೂಪಾಯಿ. ಅದು ಸಿಗುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ, ಅವರಿಗೆ ಲೈಸನ್ಸ್ ಇದ್ದರೆ ಮಾತ್ರ. ಮಗನಿಗಲ್ಲ. ಸರಿ, ಥರ್ಡ್ ಪಾರ್ಟಿಯಲ್ಲಾದರೂ ಬರುತ್ತದೆಯೇ? ಅದೂ ಇಲ್ಲ. ಮಾಲೀಕನಿಂದ ಗಾಡಿ ಪಡೆದು ಓಡಿಸುವವ ಮಾಲೀಕನ ಜಾಗದಲ್ಲೇ ನಿಂತವನು, ಅವನು ಮೂರನೆಯವನಲ್ಲ ಅಂತ ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ತೀರ್ಪುಗಳಲ್ಲಿ ಹೇಳಿದೆ. ಪಗಾರದ ಡ್ರೈವರ್ ಇದ್ದರೆ ಅವನಿಗೆ ಕಾರ್ಮಿಕ ಪರಿಹಾರದ ಕಾನೂನಿನಡಿ ಒಂದು ದಾರಿ ಇದೆ. ಮಗನಿಗೆ ಪಗಾರವೂ ಇಲ್ಲ, ಆ ದಾರಿಯೂ ಇಲ್ಲ.

ಇದು ಬರೀ ಕಾಗದದ ಮಾತಲ್ಲ. ನಮ್ಮ ಭಾಗದಲ್ಲೇ ಒಬ್ಬ ಹುಡುಗ ಕೃಷಿಹೊಂಡದ ಒಡ್ಡಿನ ಮೇಲೆ ಗಾಡಿ ತಿರುಗಿಸುವಾಗ ಪಲ್ಟಿ ಆಗಿ ಹೋದ. ಪಾಲಿಸಿ ಚಾಲ್ತಿಯಲ್ಲೇ ಇತ್ತು, ಪ್ರತಿ ವರ್ಷ ತಪ್ಪದೆ ತುಂಬಿದ್ದರು. ಆರ್‌ಸಿ ಅವನ ಅಪ್ಪನದು. ಹುಡುಗನ ಜೀವಕ್ಕೆ ಅಂತ ಆ ಪಾಲಿಸಿಯಿಂದ ಒಂದು ರೂಪಾಯಿ ಬರಲಿಲ್ಲ. ಕಂಪನಿಯದು ತಪ್ಪು ಅಂತ ನಾನು ಹೇಳುವುದಿಲ್ಲ, ಪಾಲಿಸಿಯಲ್ಲಿ ಹಾಗೆಯೇ ಇತ್ತು. ಆ ಸಾಲನ್ನು ಅವರಿಗೆ ಓದಿ ಹೇಳುವವರು ಇರಲಿಲ್ಲ, ಅಷ್ಟೇ.

ಅದಕ್ಕೇ ಹಳೆ ಗಾಡಿ ಕೊಳ್ಳುವ ಹೊತ್ತಿನಲ್ಲಿ ನಾನು ಕೈ ಮುಗಿದು ಕೇಳುವುದು ಇದನ್ನು. ಹೆಸರು ಹೇಗಿದ್ದರೂ ಬದಲಾಗಲೇಬೇಕು; ಓಡಿಸುವವನ ಹೆಸರಿಗೇ ಮಾಡಿಸಿ. "ಅಪ್ಪಾ ಇರೂವಾಗ ನನ್ನ ಹೆಸರ್ಲೆ ಮಾಡ್ಸಿದ್ರ ಚೊಲೋ ಕಾಣಂಗಿಲ್ರಿ" ಅನ್ನುವವರಿದ್ದಾರೆ. ಆ ಮರ್ಯಾದೆ ನನಗೆ ಅರ್ಥ ಆಗುತ್ತದೆ. ಆಗ ನಾನು ಅಪ್ಪನ ಜೊತೆಗೇ ಕೂತು ಮಾತಾಡುತ್ತೇನೆ, "ಕಾಕಾ, ಹೊಲಾ ನಿಮ್ಮ ಹೆಸರ್ಲೆ ಇರ್ಲಿ, ಗಾಡಿ ಅಷ್ಟ ಅವನ ಹೆಸರಿಗೆ ಹಚ್ಚರಿ" ಅಂತ. ವಿಷಯ ತಿಳಿಸಿದರೆ ಬೇಡ ಅನ್ನುವ ಅಪ್ಪಂದಿರು ಕಡಿಮೆ. ಸಾಲದ ಕಾರಣಕ್ಕೆ ಹೆಸರು ಬದಲಿಸಲು ಆಗದಿದ್ದರೆ ಮಗನಿಗೆ ಬೇರೆ ಅಪಘಾತ ವಿಮೆ ಮಾಡಿಸಿ. ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ, ವರ್ಷಕ್ಕೆ 20 ರೂಪಾಯಿ, 2 ಲಕ್ಷದ ವಿಮೆ. ಸಾಲದು, ಆದರೆ ಇಂದೇ ಆಗುವ ಕೆಲಸ.

ಮಾರುವವರಿಗೂ ಹೆಸರು ಅಷ್ಟೇ ಮುಖ್ಯ. ಸ್ಟ್ಯಾಂಪ್ ಪೇಪರ್ ಮೇಲೆ ಬರೆದು, ರೊಕ್ಕ ಎಣಿಸಿ, ಚಾವಿ ಕೊಟ್ಟು ನಿಶ್ಚಿಂತೆಯಾಗಿ ಮಲಗುತ್ತಾರೆ. ಆರ್‌ಸಿಯಲ್ಲಿ ಹೆಸರು ಇರುವವನೇ ಮಾಲೀಕ, ಗಾಡಿ ಮಾರಿದ್ದರೂ ಅಪಘಾತದ ಪರಿಹಾರದ ಹೊಣೆ ಅವನದೇ ಅಂತ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ನಿಮ್ಮ ಹಳೆ ಗಾಡಿ ಮೂರು ಕೈ ದಾಟಿ ಯಾವುದೋ ಊರಲ್ಲಿ ಅಪಘಾತ ಮಾಡಿದರೂ, ವಿಮೆ ಇಲ್ಲದಿದ್ದರೆ ನೋಟೀಸು ನಿಮ್ಮ ಮನೆಗೆ ಬರುತ್ತದೆ. ಹೆಸರು ಬದಲಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಆಗಿ ಅರ್ಜಿ ಹೋಗುವವರೆಗೆ ನಾನು ಚಾವಿ ಕೊಡುವುದಿಲ್ಲ. ಇದರಿಂದ ಕೆಲವು ವ್ಯವಹಾರ ಕೈಬಿಟ್ಟಿವೆ, ಬಿಡಲಿ. ಗಾಡಿಯ ಮೇಲೆ ಬ್ಯಾಂಕಿನ ಬೋಜಾ, ಅಂದರೆ ಸಾಲದ ಹೊರೆ, ಇದ್ದರೆ ಮೊದಲು ಬಾಕಿ ತೀರಿಸಿ, ಅದನ್ನು ಆರ್‌ಸಿಯಿಂದ ತೆಗೆಸಲು ಫಾರ್ಮ್ 35. ಕೆಎ-28 ಗಾಡಿ ನಮ್ಮ ಕಡೆ ಬರಬೇಕಾದರೆ ಫಾರ್ಮ್ 28 ಹಾಕಿ ವಿಜಯಪುರ ಆರ್‌ಟಿಓದಿಂದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತರಬೇಕು, 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ನಂಬರೂ ಇಲ್ಲಿನದೇ ಆಗಬೇಕು. "ಗಡಿ ಊರು, ಯಾರ್ ಕೇಳ್ತಾರ" ಅನ್ನುತ್ತಾರೆ. ಪೊಲೀಸರು ಕೇಳಲಿಕ್ಕಿಲ್ಲ, ಕ್ಲೇಮಿನ ದಿನ ನಷ್ಟ ನೋಡಲು ಬರುವ ವಿಮೆಯ ಸರ್ವೇಯರ್ ಕೇಳುತ್ತಾನೆ. ಆರ್‌ಸಿ 15 ವರ್ಷದ್ದು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅವಧಿ ಮುಗಿದ ಆರ್‌ಸಿಯ ಗಾಡಿ ಅಗ್ಗ ಸಿಗುತ್ತದೆ ಅಂತ ಹಾರಬೇಡಿ.

ಪಾಲಿಸಿಯೂ ತಾನಾಗಿ ಪೂರ್ತಿ ನಿಮ್ಮದಾಗುವುದಿಲ್ಲ. ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ಭಾಗ ಕಾಯ್ದೆಯ 157ನೇ ಕಲಮಿನಿಂದ ಹೊಸ ಮಾಲೀಕನಿಗೆ ಬರುತ್ತದೆ. ಗಾಡಿಯ ಸ್ವಂತ ನಷ್ಟದ ಭಾಗ ಹಾಗೆ ಬರುವುದಿಲ್ಲ, 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಹಚ್ಚಿಸಬೇಕು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಗಾಡಿಯದಲ್ಲ, ಹಳೆ ಮಾಲೀಕನದು. ಅದರ ವ್ಯತ್ಯಾಸದ ಹಣ ಕೊಳ್ಳುವವ ತುಂಬಬೇಕಾಗುತ್ತದೆ.

ಸ್ವಂತ ನಷ್ಟದ ವಿಮೆ, ಅಂದರೆ ಜನ ಫುಲ್ ಇನ್ಶೂರೆನ್ಸ್ ಅನ್ನುವುದು, ಬೇಕೋ ಬೇಡವೋ ಎಂಬುದು ಮಾತ್ರ ನಿಜವಾಗಿ ವಿಚಾರ ಮಾಡುವ ವಿಷಯ. ನಾಲ್ಕು ತುಂಬಿ ಐದನೇ ವರ್ಷದಲ್ಲಿರುವ ಗಾಡಿಗೆ ಕಂಪನಿ ಹಿಡಿಯುವ ಬೆಲೆ ಹೊಸದರ ಅರ್ಧ. ಐದು ದಾಟಿದ ಮೇಲೆ ನೀವೂ ಕಂಪನಿಯೂ ಕೂತು ಒಪ್ಪಿಕೊಂಡದ್ದು. ರಿಪೇರಿ ಕ್ಲೇಮಿನಲ್ಲಿ ಟಾಯರ್, ಬ್ಯಾಟರಿಗೆ ಅರ್ಧ ಕಡಿತ, ಕಬ್ಬಿಣದ ಭಾಗಕ್ಕೆ 5ರಿಂದ 10 ವರ್ಷದ ಗಾಡಿಯಲ್ಲಿ ಶೇ. 40, ಹತ್ತು ದಾಟಿದರೆ ಅರ್ಧ. ಗೇರ್‌ಬಾಕ್ಸ್ ಸವೆಯಿತು, ಇಂಜಿನ್ ಸೀಜ್ ಆಯಿತು ಅಂದರೆ ಏನೂ ಇಲ್ಲ. ಅಂದರೆ ಹಳೆ ಗಾಡಿಗೆ ಈ ವಿಮೆ ಕೆಲಸಕ್ಕೆ ಬರುವುದು ಪಲ್ಟಿ, ಬೆಂಕಿ, ಕಳವು, ಮಳೆನೀರಿನ ಹೊಡೆತಕ್ಕೆ.

ಆದ್ದರಿಂದ ನಾನು ಗಾಡಿಯ ವಯಸ್ಸು ಕೇಳುವುದಕ್ಕಿಂತ ಅದು ರಾತ್ರಿ ಎಲ್ಲಿ ನಿಲ್ಲುತ್ತದೆ, ಏನು ಎಳೆಯುತ್ತದೆ ಅಂತ ಕೇಳುತ್ತೇನೆ. ದಾಳಿಂಬೆ ತೋಟದಲ್ಲಿ ಔಷಧಿ ಸಿಂಪಡಿಸುವ ಬ್ಲೋವರ್ ಹೊಡೆಯುವ ಸಣ್ಣ ಟ್ರ್ಯಾಕ್ಟರ್, ಹನ್ನೆರಡು ವರ್ಷದ್ದು, ರಾತ್ರಿ ಶೆಡ್ಡಿನಲ್ಲಿ ಬೀಗದೊಳಗೆ ಇರುತ್ತದೆ ಅಂದರೆ ಥರ್ಡ್ ಪಾರ್ಟಿ ಮತ್ತು ಓಡಿಸುವವನ ಅಪಘಾತ ವಿಮೆ ಸಾಕು, ಉಳಿದ ದುಡ್ಡು ಟಾಯರಿಗೆ ಇಡಿ. ಅದೇ ವಯಸ್ಸಿನ ದೊಡ್ಡ ಗಾಡಿ ತೊಗರಿ ರಾಶಿಗೆ, ಹೊಟ್ಟು ಹೇರಲು, ಕಬ್ಬಿನ ಫಡಕ್ಕೆ ಹೋಗುತ್ತದೆ ಅಂದರೆ ಬೆಂಕಿಯ ಭಯ ನಿಜ, ಫುಲ್ ಮಾಡಿಸಿ. ಸಾಲ ಇದ್ದರೆ ಬ್ಯಾಂಕೇ ಬಿಡುವುದಿಲ್ಲ. ರೋಟಾವೇಟರ್, ನೇಗಿಲು ಟ್ರ್ಯಾಕ್ಟರ್ ಪಾಲಿಸಿಯೊಳಗೆ ತಾವಾಗಿ ಬರುವುದಿಲ್ಲ, ಹೆಸರು ಹಿಡಿದು ಬರೆಸಬೇಕು.

ಬಾಡಿಗೆಯ ಮಾತನ್ನು ಮುಚ್ಚಿಡಬೇಡಿ. ಕೃಷಿ ಬಳಕೆಗೆ ಅಂತ ಪಾಲಿಸಿ ಮಾಡಿಸಿ ಬಾಡಿಗೆಗೆ ಕಬ್ಬು, ಇಟ್ಟಿಗೆ, ಉಸುಕು ಹೊಡೆದರೆ ಕ್ಲೇಮಿನಲ್ಲಿ ಅದೇ ಮೊದಲ ತಕರಾರು. ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ನಿಜವಾದ ಕೆಲಸ ಬರೆಸಿ. ಲೈಸನ್ಸಿನ ತಕರಾರು ಮಾತ್ರ ಈಗ ಹಗುರಾಗಿದೆ. 7,500 ಕಿಲೋ ಒಳಗಿನ ವಾಹನಕ್ಕೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸನ್ಸ್ ಸಾಕು, ಸಾಗಾಟಕ್ಕೆ ಅಂತ ಬೇರೆ ಪರವಾನಗಿ ಬೇಡ ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ.

ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಬೇಡಿ. ಟ್ರ್ಯಾಕ್ಟರಿಗೆ ಇರುವುದು ಒಂದೇ ಸೀಟು, ಪಕ್ಕದಲ್ಲಿ ಕೂತವರನ್ನು ಪಾಲಿಸಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೆಂಗಸರನ್ನು, ಶಾಲೆ ಮಕ್ಕಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಜಾತ್ರೆಗೆ ಹೋಗುವುದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಗುಡ್ಡಾಪುರಕ್ಕೆ ಬಸ್ಸಿದೆ.

ಗಾಡಿ ನೋಡಲು ಬರುವವರು ಮಗನನ್ನೂ ಕರೆದುಕೊಂಡು ಬನ್ನಿ, ಅವನ ಲೈಸನ್ಸ್, ಆಧಾರ್, ಪ್ಯಾನ್ ಜೊತೆಗಿರಲಿ. ಮಾರಲು ಬರುವವರು ಆರ್‌ಸಿ, ಪಾಲಿಸಿ ಮೂಲಪ್ರತಿ ತನ್ನಿ. ಮನೆಯ ಯಜಮಾನರು ತೀರಿಕೊಂಡು ಗಾಡಿ ಇನ್ನೂ ಅವರ ಹೆಸರಲ್ಲೇ ಇದ್ದರೆ ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು, ಮಾರಾಟ ಆಮೇಲೆ. ಅದಕ್ಕೆ ಮರಣ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಆ ಅರ್ಜಿ ತುಂಬಿಕೊಡಲು ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ, ಗಾಡಿ ನನಗೇ ಮಾರಬೇಕೆಂದೂ ಇಲ್ಲ.