ಏಳು ದಾಟಿನ ಗಂಟು, ಬಟ್ಟೆ ಒಣಹಾಕುವ ಹಗ್ಗ

ಹೆಸರಘಟ್ಟದ ಹತ್ತಿರ ಶಿವಕೋಟೆಯ ಐಸಿಟಿಎಸ್ ಅನ್ನೋ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಟೋಪಾಲಜಿಯವರು, ಅಂದ್ರೆ ಆಕಾರಗಳ ಗಣಿತ ಮಾಡುವವರು, ಸೇರಿದ್ದಾಗ ನಾನೂ ಹೋಗಿದ್ದೆ. ಗಂಟುಗಳು, ಮೂರು-ನಾಲ್ಕು ಆಯಾಮದ ಆಕಾರಗಳು, ಬೆಳಿಗ್ಗೆಯಿಂದ ಅದೇ ಮಾತು. ಆದರೆ ಮನಸ್ಸಲ್ಲಿ ಉಳಿದಿರುವುದು ಮಧ್ಯಾಹ್ನ ಟೀ ಹೊತ್ತಿನ ಅರ್ಧ ಗಂಟೆ.

ಅದಕ್ಕೆ ಸ್ವಲ್ಪ ಮುಂಚೆ ಒಬ್ಬರು 2025ರ ಒಂದು ಫಲಿತಾಂಶದ ಬಗ್ಗೆ ಹೇಳಿದ್ದರು. ಗಣಿತದ ಗಂಟಿಗೆ ತುದಿ ಇರಲ್ಲ, ಗಂಟು ಹಾಕಿದ ಮೇಲೆ ಹಗ್ಗದ ಎರಡೂ ತುದಿ ಸೇರಿಸಿ ಅಂಟಿಸಿಬಿಟ್ಟಿರುತ್ತಾರೆ. ಹಾಗಾಗಿ ಬಿಚ್ಚಬೇಕಾದರೆ ಎಲ್ಲೋ ಒಂದು ಕಡೆ ಮೇಲಿನ ಎಳೆಯನ್ನು ಕೆಳಗಿನದರ ಮೂಲಕ ದಾಟಿಸಲೇಬೇಕು. ಕಡಿಮೆ ಅಂದ್ರೆ ಎಷ್ಟು ಸಲ ದಾಟಿಸಬೇಕು ಅನ್ನೋದು ಲೆಕ್ಕ. ಒಂದೇ ಹಗ್ಗದಲ್ಲಿ ಎರಡು ಗಂಟಿದ್ದರೆ ಎರಡರ ಲೆಕ್ಕ ಕೂಡಿದಷ್ಟು ಬೇಕು, ಅಲ್ವಾ? ತುಂಬಾ ಜನ ಹಾಗೇ ಅಂದುಕೊಂಡಿದ್ದರು, ನಾನೂ ಸಹ. ಅಮೆರಿಕದ ನೆಬ್ರಾಸ್ಕಾದ ಗಣಿತಜ್ಞರು ಮಾರ್ಕ್ ಬ್ರಿಟನ್‌ಹ್ಯಾಮ್, ಸೂಸನ್ ಹರ್ಮಿಲರ್ ಅದು ಸುಳ್ಳು ಅಂತ ತೋರಿಸಿಬಿಟ್ಟರು.

ಗೆಳತಿಯ ಬ್ಯಾಗಲ್ಲಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಇತ್ತು. ಕತ್ತರಿ, ಕಪ್ಪು ಟೇಪು ಕೇಳಿ ತಂದೆವು. ಮಾಮೂಲಿ ಗಂಟು ಹಾಕುವಾಗ ತುದಿಯನ್ನು ಒಂದು ಸಲದ ಬದಲು ಮೂರು ಸಲ ಸುತ್ತಿ ತೆಗೆದರೆ ಏಳು ದಾಟಿನ ಗಂಟು, ಅಂದ್ರೆ ಒಂದು ಎಳೆ ಇನ್ನೊಂದರ ಮೇಲೆ ಹಾಯುವ ಜಾಗ ಏಳು. ಪಕ್ಕದಲ್ಲೇ ಇನ್ನೊಂದು, ಎಡಗೈಯವರು ಹಾಕಿದ ಹಾಗೆ ತಿರುವುಮುರುವಾಗಿ. ತುದಿಗಳಿಗೆ ಟೇಪು.

ಮೊದಲನೆಯದರಲ್ಲಿ ಒಂದು ದಾಟನ್ನು ಕತ್ತರಿಸಿ, ಎಳೆಯನ್ನು ಕೆಳಗೆ ತಂದು ಟೇಪು ಸುತ್ತಿದೆ. ಆ ದಾಟು, ಅದರ ಪಕ್ಕದ್ದು, ಎರಡೂ ಸಡಿಲ ಬಿದ್ದು ತಾವಾಗೇ ಬಿಟ್ಟುಕೊಂಡವು! ಏಳು ಇದ್ದದ್ದು ಐದಾಯಿತು. ಆಮೇಲೆ ಮೂರು, ಆಮೇಲೆ ಒಂದು. ಆ ಒಂದು ಬರೀ ತಿರುಚು, ಮಗುಚಿದರೆ ಹೋಯಿತು. ಮೂರು ಕತ್ತರಿ. ಎರಡನೆಯದಕ್ಕೂ ಮೂರು. ಒಟ್ಟು ಆರು.

ಬ್ರಿಟನ್‌ಹ್ಯಾಮ್, ಹರ್ಮಿಲರ್ ಇದೇ ಜೋಡಿಯನ್ನು ಐದರಲ್ಲಿ ಬಿಡಿಸಿದ್ದಾರೆ. ಒಂದೇ ಗಂಟಿದ್ದಾಗ ಮೂರಕ್ಕಿಂತ ಕಡಿಮೆ ಸಾಲದು ಅಂತ ಹೇಳೋಕೆ ಸಿಗ್ನೇಚರ್ ಅನ್ನೋ ಸಂಖ್ಯೆ ಇದೆ, ಪ್ಲಸ್-ಮೈನಸ್ ಬಿಟ್ಟು ಅದರ ಅರ್ಧದಷ್ಟು ಸಲವಾದರೂ ದಾಟಿಸಲೇಬೇಕು. ಒಂದಕ್ಕೆ ಆರು, ತಿರುವುಮುರುವಿಗೆ ಮೈನಸ್ ಆರು. ಜೋಡಿಸಿದರೆ ಸೊನ್ನೆ, ಅಲ್ಲಿಗೆ ಆ ಸಾಧನ ಏನೂ ಹೇಳಲ್ಲ. ಈ ಸೊನ್ನೆಯನ್ನು ನಾನು ಎಷ್ಟು ಸಲ ಬರೆದಿದ್ದೇನೋ, ಅಲ್ಲೊಂದು ಸಂದಿ ಇದೆ ಅಂತ ಒಂದು ಸಲವೂ ಹೊಳೆದಿರಲಿಲ್ಲ.

ಇನ್ನೊಂದು ಸಲ ಗಂಟು ಹಾಕಿ ಐದಕ್ಕೆ ಪ್ರಯತ್ನಿಸೋಣ ಅಂತ ಕೂತೆವು. ಆಗಲಿಲ್ಲ, ಮುಂದಿನ ಉಪನ್ಯಾಸಕ್ಕೆ ಕರೆದರು. ಗೆಳತಿ ಹಗ್ಗ ನನಗೇ ಕೊಟ್ಟಳು. ಈಗ ನನ್ನ ಮೇಜಿನ ಮೇಲಿದೆ, ಏಳು ಕಡೆ ಕಪ್ಪು ಟೇಪು ಸುತ್ತಿಕೊಂಡು.